ಪುಟ್ಟ ಎಂಜಿನ್ನಿಗೆ ಯಾವ ಎಣ್ಣೆ?

ಎತ್ತಿನ ಗಾಡಿಯನ್ನು ಹೂಡುವ ಮುನ್ನ ಅದರ ಅಚ್ಚಿಗೆ ಕೀಲೆಣ್ಣೆ ಹಾಕಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಪಾಠಮಾಡಿ ಹೇಳಬೇಕಾಗಿರಲಿಲ್ಲ. ಎಣ್ಣೆ ಕಾಣದ ಅಚ್ಚು ಕಿರುಗುಟ್ಟಿ ತನ್ನ ಸಂಕಟವನ್ನು ಊರಿಗೆಲ್ಲ ತಾನೇ ಸಾರುತ್ತಿತ್ತು. ಇಂದು ನಮ್ಮ ಕೆಲಸಕ್ಕೆ ಒದಗಿರುವ ಸಣ್ಣ ಎಂಜಿನ್ನುಗಳು ಹೀಗೆ ಮೊದಲೇ ಮೊರೆಯಿಡುವುದಿಲ್ಲ. ಅಡಕೆ ತೋಟದಲ್ಲಿ ಔಷಧಿ ಸಿಂಪಡಿಸುವ ಯಂತ್ರ, ಹಳ್ಳದಿಂದ ನೀರೆತ್ತುವ ಪೆಟ್ರೋಲ್ ಪಂಪುಸೆಟ್ಟು, ವಿದ್ಯುತ್ತು ನಿಂತಾಗ ಅಂಗಡಿಯ ಮುಂದೆ ಗುಡುಗುಡಿಸುವ ಜನರೇಟರು, ಇವೆಲ್ಲ ಒಳಗಿನ ಎಣ್ಣೆ ಬತ್ತಿದ್ದರೂ ಕೆಟ್ಟಿದ್ದರೂ ಕೊನೆಯ ಗಳಿಗೆಯವರೆಗೆ ದುಡಿದು, ಒಮ್ಮೆಲೇ ಕಚ್ಚಿಕೊಂಡು ನಿಲ್ಲುತ್ತವೆ. ಮೆಕ್ಯಾನಿಕರ ಮಾತಿನಲ್ಲಿ ಹೇಳುವುದಾದರೆ ‘ಸೀಜ್’ ಆಗುತ್ತವೆ. ಅದು ಸಿಂಪಡಣೆಯ ನಡುವೆಯೋ ಬೇಸಗೆಯ ನಡುವೆಯೋ ನಡೆದರೆ ಒಂದು ಕುಟುಂಬದ ಆ ವರ್ಷದ ಫಲಕ್ಕೇ ಏಟು ಬೀಳಬಹುದು.

ಇಂಥ ಯಂತ್ರಕ್ಕೆ ಎಣ್ಣೆ ಕೊಳ್ಳಲು ಅಂಗಡಿಗೆ ಹೋದರೆ ಅಲ್ಲಿ ಎರಡು ಬಗೆಯ ಡಬ್ಬಿಗಳಿರುತ್ತವೆ. ಒಂದು, ಭೂಗರ್ಭದ ಕಚ್ಚಾ ತೈಲವನ್ನು ಶುದ್ಧಿಮಾಡಿ ಪಡೆದ ವಾಡಿಕೆಯ ಖನಿಜ ಎಣ್ಣೆ. ಇನ್ನೊಂದು, ‘ಸಿಂಥೆಟಿಕ್’ ಎಂದು ಹೆಸರು ಹೊತ್ತ ಸಂಶ್ಲೇಷಿತ ಎಣ್ಣೆ. ಇದರ ಬೆಲೆ ಮೊದಲನೆಯದಕ್ಕಿಂತ ಗಣನೀಯವಾಗಿ ಹೆಚ್ಚು. ಬೆಲೆ ಹೆಚ್ಚಿದ್ದೇ ಒಳ್ಳೆಯದು ಎನ್ನುವವರುಂಟು. ಎಣ್ಣೆಯೆಂದರೆ ಎಣ್ಣೆ, ಎಲ್ಲವೂ ಒಂದೇ ಎನ್ನುವವರೂ ಉಂಟು. ಇವೆರಡರಲ್ಲಿ ಯಾವ ಮಾತೂ ಪೂರ್ತಿ ಸರಿಯಲ್ಲ. ಎಂಜಿನ್ನಿನೊಳಗೆ ಎಣ್ಣೆ ಮಾಡುವ ಕೆಲಸವೇನು, ಅದು ಕೆಡುವುದು ಹೇಗೆ ಎಂಬುದನ್ನು ಅರಿತುಕೊಂಡರೆ ಉತ್ತರವನ್ನು ನಾವೇ ಕಂಡುಕೊಳ್ಳಬಹುದು.

ಲೋಹಗಳ ನಡುವಿನ ಪದರ

ಕನ್ನಡಿಯಂತೆ ಹೊಳೆಯುವ ಲೋಹದ ಮೈಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರೆ ಅಲ್ಲಿ ಗುಡ್ಡಗಳೂ ಕಣಿವೆಗಳೂ ಕಾಣುತ್ತವೆ. ಇಂಥ ಎರಡು ಮೈಗಳು ಒಂದರ ಮೇಲೊಂದು ಉಜ್ಜಿದಾಗ ಗುಡ್ಡಕ್ಕೆ ಗುಡ್ಡ ತಗುಲಿ ಸವೆಯುತ್ತದೆ, ಶಾಖ ಹುಟ್ಟುತ್ತದೆ, ಶಾಖ ಮಿತಿಮೀರಿದರೆ ಲೋಹಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಸಣ್ಣ ಜನರೇಟರಿನ ಎಂಜಿನ್ನು ನಮ್ಮ ದೇಶದ ೫೦ ಹರ್ಟ್ಸ್ ವಿದ್ಯುತ್ತನ್ನು ಕೊಡಲು ಸಾಮಾನ್ಯವಾಗಿ ನಿಮಿಷಕ್ಕೆ ೩೦೦೦ ಸುತ್ತು ತಿರುಗುತ್ತದೆ. ಎಂದರೆ ಅದರ ಪಿಸ್ಟನ್ನು ಸಿಲಿಂಡರಿನ ಗೋಡೆಯನ್ನು ಸವರುತ್ತ ಸೆಕೆಂಡಿಗೆ ೫೦ ಸಲ ಮೇಲೇರಿ ೫೦ ಸಲ ಕೆಳಗಿಳಿಯುತ್ತದೆ. ಈ ವೇಗದಲ್ಲಿ ಲೋಹಕ್ಕೆ ಲೋಹ ತಗುಲದಂತೆ ಕಾಯುವುದು ಕೂದಲೆಳೆಗಿಂತಲೂ ಬಹು ತೆಳುವಾದ ಎಣ್ಣೆಯ ಪದರ.

ಆ ಪದರಕ್ಕೆ ಅಷ್ಟು ಬಲ ಎಲ್ಲಿಂದ ಬರುತ್ತದೆ? ಇದರ ಸುಳಿವು ದೊರೆತದ್ದು ಒಂದು ಆಕಸ್ಮಿಕದಿಂದ. ೧೮೮೩ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರು ರೈಲು ಬಂಡಿಗಳಲ್ಲಿ ಬಳಸುವಂಥ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದನು. ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಒಳಕ್ಕೆ ಇಳಿಯುವ ಬದಲು ಆ ರಂಧ್ರದಿಂದ ಹೊರಕ್ಕೆ ಉಕ್ಕಿತು. ರಂಧ್ರಕ್ಕೆ ಬಿರಡೆ ಜಡಿದರೆ ಬಿರಡೆಯೂ ಹೊರಬಿತ್ತು! ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ ಎಣ್ಣೆಯ ತೆಳು ಪದರದಲ್ಲಿ ಅಪಾರವಾದ ಒತ್ತಡವಿರುವುದು ತಿಳಿದುಬಂತು. ೧೮೮೬ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟನು. ತಿರುಗುವ ಅಚ್ಚು ತನಗೆ ಅಂಟಿದ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಯೊಳಕ್ಕೆ ಎಳೆದೊಯ್ಯುತ್ತದೆ. ಹೀಗೆ ಬೆಣೆಯಂತೆ ನುಗ್ಗಿದ ಎಣ್ಣೆ ಅಚ್ಚನ್ನು ಎತ್ತಿಹಿಡಿಯುತ್ತದೆ. ಅಂದರೆ ಚೆನ್ನಾಗಿ ಎಣ್ಣೆಯುಂಡ ಅಚ್ಚು ಲೋಹದ ಮೇಲೆ ಕುಳಿತಿರುವುದಿಲ್ಲ. ಎಣ್ಣೆಯ ಮೇಲೆ ತೇಲುತ್ತಿರುತ್ತದೆ.

ಹೀಗೆ ಎಣ್ಣೆ ಎಳೆದೊಯ್ಯಲ್ಪಡುವುದಕ್ಕೆ ಕಾರಣವಾದ ಗುಣವೇ ಸ್ನಿಗ್ಧತೆ. ಇದು ದ್ರವದ ಪದರಗಳು ಒಂದರ ಮೇಲೊಂದು ಜಾರುವುದಕ್ಕೆ ತೋರುವ ಪ್ರತಿರೋಧ. ನೀರಿಗೆ ಸ್ನಿಗ್ಧತೆ ಕಡಿಮೆ, ಜೇನುತುಪ್ಪಕ್ಕೆ ಹೆಚ್ಚು. ಎಣ್ಣೆ ತೀರ ತೆಳುವಾದರೆ ಪದರ ಹರಿದು ಲೋಹ ಲೋಹವನ್ನು ಮುಟ್ಟುತ್ತದೆ. ತೀರ ಮಂದವಾದರೆ ಅದು ಹೋಗಬೇಕಾದ ಸಂದಿಗೆ ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ. ಅದನ್ನು ಕಲಕುವುದಕ್ಕೇ ಎಂಜಿನ್ನಿನ ಶಕ್ತಿ ವ್ಯಯವಾಗುತ್ತದೆ.

ಡಬ್ಬಿಯ ಮೇಲಿನ ಅಂಕಿಗಳು

ತೊಡಕೇನೆಂದರೆ, ಸ್ನಿಗ್ಧತೆ ಒಂದೇ ಸಮನಾಗಿರುವುದಿಲ್ಲ. ಜೋನಿಬೆಲ್ಲ ಚಳಿಯ ಬೆಳಗಿನಲ್ಲಿ ಸೌಟಿಗೆ ಅಂಟಿ ಕೂರುತ್ತದೆ; ಒಲೆಯ ಬಳಿ ಇಟ್ಟರೆ ಸರಾಗವಾಗಿ ಹರಿಯುತ್ತದೆ. ಎಂಜಿನ್ ಎಣ್ಣೆಯೂ ಹಾಗೆಯೇ. ‘ಎಸ್.ಎ.ಇ. ೩೦’ ಎಂಬ ಸಾಮಾನ್ಯ ಎಣ್ಣೆಯ ಸ್ನಿಗ್ಧತೆ ೪೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ೧೦೦ ಸೆಂಟಿಸ್ಟೋಕ್ಸ್ ಇದ್ದರೆ, ೧೦೦ ಡಿಗ್ರಿಯಲ್ಲಿ ಅದು ಸುಮಾರು ೧೧ಕ್ಕೆ ಇಳಿಯುತ್ತದೆ. ಹೋಲಿಕೆಗೆ ಹೇಳುವುದಾದರೆ ೨೦ ಡಿಗ್ರಿಯ ನೀರಿನ ಸ್ನಿಗ್ಧತೆ ಹೆಚ್ಚುಕಡಿಮೆ ಒಂದು ಸೆಂಟಿಸ್ಟೋಕ್ಸ್.

ಎಸ್.ಎ.ಇ. ಎಂಬುದು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘದ ಹೆಸರಿನ ಮೊದಲ ಅಕ್ಷರಗಳು. ಎಣ್ಣೆಗಳನ್ನು ಸ್ನಿಗ್ಧತೆಗೆ ಅನುಸಾರವಾಗಿ ವಿಂಗಡಿಸುವ ಪದ್ಧತಿಯನ್ನು ಈ ಸಂಘ ೧೯೧೧ರಲ್ಲಿ ಆರಂಭಿಸಿತು. ಈಗಿನ ಕ್ರಮದಂತೆ ೧೦೦ ಡಿಗ್ರಿಯಲ್ಲಿ ಸ್ನಿಗ್ಧತೆ ೯.೩ರಿಂದ ೧೨.೫ ಸೆಂಟಿಸ್ಟೋಕ್ಸಿನೊಳಗೆ ಇದ್ದರೆ ಆ ಎಣ್ಣೆ ‘೩೦’ರ ದರ್ಜೆಯದು. ‘೧೦ಡಬ್ಲ್ಯು-೩೦’ ಎಂಬಲ್ಲಿ ‘ಡಬ್ಲ್ಯು’ ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲಕ್ಷರ. ಈ ಎಣ್ಣೆ ಬಿಸಿಯಲ್ಲಿ ೩೦ರ ದರ್ಜೆಯದಾಗಿದ್ದು, ಸೊನ್ನೆಗಿಂತ ೨೫ ಡಿಗ್ರಿ ಕೆಳಗಿನ ಶೀತದಲ್ಲಿಯೂ ಎಂಜಿನ್ನನ್ನು ತಿರುಗಿಸಲು ಅಡ್ಡಿಯಾಗದಷ್ಟು ತೆಳುವಾಗಿರುತ್ತದೆ ಎಂಬುದು ಅದರ ಅರ್ಥ. ಎಣ್ಣೆ ಖನಿಜವೋ ಸಂಶ್ಲೇಷಿತವೋ ಎಂಬುದಕ್ಕೂ ಈ ಅಂಕಿಗಳಿಗೂ ನೇರವಾದ ಸಂಬಂಧವಿಲ್ಲ. ಎರಡೂ ಬಗೆಯಲ್ಲಿ ೧೦ಡಬ್ಲ್ಯು-೩೦ ಎಣ್ಣೆ ದೊರೆಯುತ್ತದೆ.

ಬೆರಕೆ ಕಾಳು, ಆಯ್ದ ಕಾಳು

ಹಾಗಾದರೆ ಎರಡಕ್ಕೂ ಭೇದವೆಲ್ಲಿ? ಅವುಗಳ ಅಣುಗಳಲ್ಲಿ. ಕಚ್ಚಾ ತೈಲ ಇಂಗಾಲ ಮತ್ತು ಜಲಜನಕಗಳ ಸಾವಿರಾರು ಬಗೆಯ ಸಂಯುಕ್ತಗಳ ಬೆರಕೆ. ಅದನ್ನು ಬಟ್ಟಿಯಿಳಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲುಗಳನ್ನು ತೆಗೆದ ಮೇಲೆ ಉಳಿಯುವ ಭಾರವಾದ ಭಾಗದಿಂದ ಖನಿಜ ಎಣ್ಣೆ ಬರುತ್ತದೆ. ಇದರ ಅಣುಗಳಲ್ಲಿ ಸುಮಾರು ೨೦ರಿಂದ ೫೦ ಇಂಗಾಲದ ಪರಮಾಣುಗಳಿರುತ್ತವೆ. ಕೆಲವು ನೇರ ಸರಪಳಿಗಳು, ಕೆಲವು ಕವಲೊಡೆದವು, ಕೆಲವು ಉಂಗುರಗಳು. ಎಷ್ಟೇ ಶುದ್ಧಿಮಾಡಿದರೂ ಇದು ಬೆರಕೆಯೇ.

ಹೆಸರುಕಾಳು, ಅವರೆ, ಕಡಲೆಗಳನ್ನು ಒಂದೇ ಪಾತ್ರೆಯಲ್ಲಿ ಬೇಯಲಿಟ್ಟರೆ ಹೆಸರು ಕರಗಿಹೋದರೂ ಕಡಲೆ ಬೆಂದಿರುವುದಿಲ್ಲ. ಖನಿಜ ಎಣ್ಣೆಯ ಸ್ವಭಾವವೂ ಇಂಥದೇ. ಚಳಿಯಲ್ಲಿ ನೇರ ಸರಪಳಿಯ ಅಣುಗಳು ಮೇಣವಾಗಿ ಗಟ್ಟಿಯಾಗುತ್ತವೆ. ಬಿಸಿಯಲ್ಲಿ ಹಗುರವಾದ ಅಣುಗಳು ಆವಿಯಾಗಿ ಹೋಗುತ್ತವೆ. ಕೆಲವು ಬಗೆಯ ಅಣುಗಳು ಆಮ್ಲಜನಕದೊಡನೆ ಬೇಗನೆ ಕೂಡಿ ಜಿಗುಟಾದ ಕಸರಾಗುತ್ತವೆ.

ಸಂಶ್ಲೇಷಿತ ಎಣ್ಣೆಯಲ್ಲಿ ರಸಾಯನಜ್ಞನು ಕಾಳನ್ನು ಆಯ್ದೇ ಪಾತ್ರೆಗೆ ಹಾಕುತ್ತಾನೆ. ಇವುಗಳಲ್ಲಿ ಮುಖ್ಯವಾದ ಒಂದು ಬಗೆಯನ್ನು ಎಥಿಲೀನ್ ಅನಿಲದಿಂದ ತಯಾರಿಸುತ್ತಾರೆ. ಮೊದಲು ಎಥಿಲೀನಿನ ಅಣುಗಳನ್ನು ಪೋಣಿಸಿ ಹತ್ತು ಇಂಗಾಲದ ಅಣುಗಳನ್ನು ಪಡೆದು, ಅಂಥ ಮೂರು ನಾಲ್ಕು ಅಣುಗಳನ್ನು ಮತ್ತೆ ಜೋಡಿಸಿ ಬೇಕಾದ ಗಾತ್ರದ ಎಣ್ಣೆಯನ್ನು ಮಾಡುತ್ತಾರೆ. ಅದರಲ್ಲಿ ಮೇಣವಿಲ್ಲ, ಗಂಧಕವಿಲ್ಲ. ಅಣುಗಳೆಲ್ಲ ಹೆಚ್ಚುಕಡಿಮೆ ಒಂದೇ ಕುಲದವು. ಇಂಥ ಯತ್ನಗಳ ಆರಂಭ ೧೮೭೭ರಷ್ಟು ಹಳೆಯದು. ಆ ವರ್ಷ ಫ್ರೀಡೆಲ್ ಮತ್ತು ಕ್ರಾಫ್ಟ್ಸ್ ಎಂಬ ರಸಾಯನಜ್ಞರು ಹೈಡ್ರೊಕಾರ್ಬನ್ ಎಣ್ಣೆಯನ್ನು ಸಂಶ್ಲೇಷಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿ ಇಂಥ ಎಣ್ಣೆಗಳನ್ನು ತಯಾರಿಸಿತು. ಅನಂತರ ಜೆಟ್ ವಿಮಾನದ ಎಂಜಿನ್ನುಗಳು ಖನಿಜ ಎಣ್ಣೆ ತಾಳಲಾರದ ಶಾಖದಲ್ಲಿ ದುಡಿಯತೊಡಗಿದಾಗ ಇವು ಅನಿವಾರ್ಯವಾದವು. ಸಾಮಾನ್ಯ ಮೋಟಾರು ವಾಹನಗಳಿಗಾಗಿ ಇವು ಮಾರುಕಟ್ಟೆಗೆ ಬಂದದ್ದು ೧೯೭೦ರ ದಶಕದಲ್ಲಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ಸಿಂಥೆಟಿಕ್’ ಎಂಬ ಹೆಸರಿನ ಹಿಂದೆ ಒಂದೇ ವಸ್ತುವಿಲ್ಲ. ಕಚ್ಚಾ ತೈಲದ ಅಣುಗಳನ್ನೇ ಹೆಚ್ಚಿನ ಒತ್ತಡದಲ್ಲಿ ಜಲಜನಕದೊಡನೆ ಸೇರಿಸಿ, ಒಡೆದು, ಹೊಸದಾಗಿ ರೂಪಿಸಿದ ಎಣ್ಣೆಯೂ ಇದೆ. ಇದನ್ನು ಸಿಂಥೆಟಿಕ್ ಎನ್ನಬಹುದೇ ಎಂಬ ವಿವಾದ ಅಮೆರಿಕದಲ್ಲಿ ಎದ್ದು, ಅಲ್ಲಿನ ಜಾಹೀರಾತುಗಳ ತಂಟೆಗಳನ್ನು ವಿಚಾರಿಸುವ ಸಂಸ್ಥೆ ೧೯೯೯ರಲ್ಲಿ ಎನ್ನಬಹುದೆಂದು ಅಭಿಪ್ರಾಯಪಟ್ಟಿತು. ಇಂಥ ಎಣ್ಣೆ ಕೀಳೆಂದು ಭಾವಿಸಬೇಕಾಗಿಲ್ಲ. ಗುಣದಲ್ಲಿ ಅದು ವಾಡಿಕೆಯ ಖನಿಜ ಎಣ್ಣೆಗಿಂತ ಮೇಲು. ಆದರೆ ಹೆಸರೊಂದನ್ನೇ ನೋಡಿ ಬೆಲೆ ಕಟ್ಟುವುದು ಸರಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಣ್ಣ ಎಂಜಿನ್ನಿನ ಕಷ್ಟಗಳು

ಕಾರಿನ ಎಂಜಿನ್ನಿನಲ್ಲಿ ಶಾಖವನ್ನು ಸಾಗಿಸಲು ನೀರಿದೆ, ಎಣ್ಣೆಯನ್ನು ಒತ್ತಿ ಕಳಿಸಲು ಪಂಪಿದೆ, ಕೊಳೆಯನ್ನು ಹಿಡಿಯಲು ಸೋಸುಕವಿದೆ. ನೆಲಕ್ಕೆ ಕೂರಿಸುವ ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಅನೇಕಕ್ಕೆ ಈ ಮೂರೂ ಇಲ್ಲ. ಸಿಲಿಂಡರಿನ ಹೊರಮೈಯ ರೆಕ್ಕೆಗಳ ಮೇಲೆ ಬೀಸುವ ಗಾಳಿಯೇ ಅದನ್ನು ತಣಿಸಬೇಕು. ಕನೆಕ್ಟಿಂಗ್ ರಾಡಿನ ಕೆಳತುದಿಯಲ್ಲಿರುವ ಚಮಚದಂಥ ನಾಲಗೆ ಪ್ರತಿ ಸುತ್ತಿನಲ್ಲಿಯೂ ಎಣ್ಣೆಯೊಳಕ್ಕೆ ಮುಳುಗಿ ಅದನ್ನು ಎಲ್ಲೆಡೆಗೆ ಎರಚುತ್ತದೆ. ಪ್ರಸಿದ್ಧವಾದ ಹೋಂಡಾ ಜಿಎಕ್ಸ್ ೧೬೦ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಿಲಿಂಡರಿನ ಗಾತ್ರ ೧೬೩ ಘನ ಸೆಂಟಿಮೀಟರು. ಅದರೊಳಗೆ ಹಿಡಿಯುವ ಎಣ್ಣೆ ಸುಮಾರು ೦.೬ ಲೀಟರು ಮಾತ್ರ. ಕಾರಿನ ನಾಲ್ಕು ಲೀಟರಿನಲ್ಲಿ ೨೦೦ ಮಿಲಿಲೀಟರು ಕಡಿಮೆಯಾದರೆ ಇಪ್ಪತ್ತರಲ್ಲಿ ಒಂದು ಪಾಲು ಹೋದಂತೆ. ಇಲ್ಲಿ ಅಷ್ಟೇ ಎಣ್ಣೆ ಹೋದರೆ ಮೂರರಲ್ಲಿ ಒಂದು ಪಾಲು ಹೋಯಿತು. ಎರಚುವ ನಾಲಗೆಗೆ ಎಣ್ಣೆ ಎಟುಕದೆಯೂ ಹೋಗಬಹುದು.

ಗಾಳಿಯಿಂದ ತಣಿಯುವ ಎಂಜಿನ್ನಿಗೆ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಶಾಖ ಹರಿಯುವುದು ಉಷ್ಣತೆಗಳ ಅಂತರಕ್ಕೆ ಅನುಸಾರವಾಗಿ. ಹೀಗಾಗಿ ಒಂದೇ ಹೊರೆಯನ್ನು ಹೊತ್ತ ಎಂಜಿನ್ನು ಮಡಿಕೇರಿಯ ೨೦ ಡಿಗ್ರಿಯ ಬೆಳಗಿನಲ್ಲಿ ದುಡಿಯುವುದಕ್ಕೂ ರಾಯಚೂರಿನ ೪೦ ಡಿಗ್ರಿಯ ಮಧ್ಯಾಹ್ನದಲ್ಲಿ ದುಡಿಯುವುದಕ್ಕೂ ಅದರ ಎಣ್ಣೆಯ ಉಷ್ಣತೆಯಲ್ಲಿ ಸುಮಾರು ೨೦ ಡಿಗ್ರಿಯ ವ್ಯತ್ಯಾಸವಿರಬಹುದು. ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ ೧೦ ಡಿಗ್ರಿಗೆ ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮವನ್ನು ವಾಚಕರು ಬಲ್ಲರು. ಅದರಂತೆ ರಾಯಚೂರಿನಲ್ಲಿ ಎಣ್ಣೆ ಆಮ್ಲಜನಕದೊಡನೆ ಕೂಡಿ ಕೆಡುವ ವೇಗ ಮಡಿಕೇರಿಗಿಂತ ನಾಲ್ಕು ಪಟ್ಟಾದೀತು. ರೆಕ್ಕೆಗಳ ನಡುವೆ ಧೂಳು, ಹುಲ್ಲು ತುಂಬಿಕೊಂಡರಂತೂ ಉಷ್ಣತೆ ಇನ್ನೂ ಏರುತ್ತದೆ.

ಎಣ್ಣೆ ಕೆಡುವ ಎರಡು ದಾರಿಗಳು

ಈಗ ನಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಎಂಜಿನ್ನಿನೊಳಗೆ ಎಣ್ಣೆ ಎರಡು ದಾರಿಗಳಲ್ಲಿ ಕೆಡುತ್ತದೆ. ಮೊದಲನೆಯದು, ಶಾಖಕ್ಕೆ ಸಿಕ್ಕಿ ತಾನೇ ಕೆಡುವುದು: ಆವಿಯಾಗುವುದು, ಆಮ್ಲಜನಕದೊಡನೆ ಕೂಡಿ ಮಂದವಾಗುವುದು, ಕರಿಗಟ್ಟುವುದು. ಎರಡನೆಯದು, ಹೊರಗಿನ ಕಶ್ಮಲಗಳು ಬಂದು ಸೇರುವುದು. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಬಹುಭಾಗ ಹೊಗೆಯೊಡನೆ ಹೊರಕ್ಕೆ ಹೋದರೂ ಸ್ವಲ್ಪ ಆವಿ ಪಿಸ್ಟನ್ ಉಂಗುರಗಳ ಸಂದಿಯಿಂದ ಕೆಳಕ್ಕೆ ನುಸುಳಿ, ಎಂಜಿನ್ನು ತಣ್ಣಗಿದ್ದರೆ ಎಣ್ಣೆಯಲ್ಲಿ ನೀರಾಗಿ ನಿಲ್ಲುತ್ತದೆ. ಅದರೊಡನೆ ಉರಿಯದ ಪೆಟ್ರೋಲು, ಮಸಿ, ಧೂಳು, ಸವೆದ ಲೋಹದ ಕಣಗಳು ಇವೂ ಸೇರುತ್ತವೆ.

ಸಂಶ್ಲೇಷಿತ ಎಣ್ಣೆ ಮೊದಲನೆಯ ದಾರಿಯನ್ನು ಬಹಳಮಟ್ಟಿಗೆ ತಡೆಯುತ್ತದೆ. ಅದು ಕಡಿಮೆ ಆವಿಯಾಗುತ್ತದೆ, ಶಾಖವನ್ನು ಹೆಚ್ಚು ತಾಳುತ್ತದೆ. ಉಷ್ಣತೆ ಬದಲಾದಾಗ ಅದರ ಸ್ನಿಗ್ಧತೆ ಖನಿಜ ಎಣ್ಣೆಯದರಷ್ಟು ಏರಿಳಿಯುವುದಿಲ್ಲ. ಆದರೆ ಎರಡನೆಯ ದಾರಿಯನ್ನು ಅದು ತಡೆಯಲಾರದು. ನೀರು, ಮಸಿ, ಧೂಳುಗಳು ಡಬ್ಬಿಯ ಬೆಲೆಯನ್ನು ನೋಡಿ ಒಳಗೆ ಬರುವುದಿಲ್ಲ. ಸೋಸುಕವೂ ಇಲ್ಲದ ಸಣ್ಣ ಎಂಜಿನ್ನಿನಲ್ಲಿ ಈ ಕೊಳೆಯನ್ನು ಹೊರಹಾಕಲು ಇರುವ ಉಪಾಯ ಒಂದೇ: ಎಣ್ಣೆಯನ್ನು ಬಸಿದು ಹೊಸದನ್ನು ಹಾಕುವುದು. ಆದುದರಿಂದಲೇ ಅಮೆರಿಕದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ ಕೈಪಿಡಿಗಳು ಸಂಶ್ಲೇಷಿತ ಎಣ್ಣೆಯನ್ನು ಎಲ್ಲ ಹವೆಗೂ ಒಪ್ಪಿದರೂ, ಅದನ್ನು ಬಳಸಿದ ಮಾತ್ರಕ್ಕೆ ಎಣ್ಣೆ ಬದಲಿಸುವ ಅವಧಿ ಹೆಚ್ಚಾಗದು ಎಂದು ತಿಳಿಸುತ್ತವೆ. ಬೆಲೆಯಾದ ಎಣ್ಣೆ ಹಾಕಿದ್ದೇವೆ, ಇನ್ನು ಎರಡು ವರ್ಷ ನೋಡಬೇಕಾಗಿಲ್ಲ ಎಂದು ನೆಮ್ಮದಿಯಿಂದಿರುವವನ ಎಂಜಿನ್ನು, ಅಗ್ಗದ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವವನ ಎಂಜಿನ್ನಿಗಿಂತ ಮೊದಲು ಕೆಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ.

ಸಂಶ್ಲೇಷಿತ ಎಣ್ಣೆಯ ಇನ್ನೊಂದು ಹಿರಿಮೆ ಶೀತದಲ್ಲಿ ಕಾಣುವಂಥದು. ಹಿಮ ಬೀಳುವ ನಾಡುಗಳಲ್ಲಿ ಹಿಮವನ್ನು ಬಾಚಿ ಎಸೆಯುವ ಸಣ್ಣ ಎಂಜಿನ್ನು ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ ಚಾಲೂ ಆಗಬೇಕು; ಅಲ್ಲಿ ಈ ಗುಣಕ್ಕೆ ಹಣ ಕೊಡುವುದು ಸಾರ್ಥಕ. ನಮ್ಮ ಕರ್ನಾಟಕದಲ್ಲಿ ಎಣ್ಣೆಯನ್ನು ಕಾಡುವುದು ಚಳಿಯಲ್ಲ, ಬಿಸಿ. ಹೀಗಾಗಿ ಶೀತದಲ್ಲಿ ಹರಿಯುವ ಗುಣಕ್ಕಾಗಿ ನಾವು ಹೆಚ್ಚಿನ ಬೆಲೆ ತೆರಬೇಕಾದ ಕಾರಣವಿಲ್ಲ. ಶಾಖವನ್ನು ತಾಳುವ ಗುಣಕ್ಕಾಗಿ ತೆರಬೇಕೇ ಎಂಬುದಷ್ಟೇ ಪ್ರಶ್ನೆ.

ಒಂದು ಲೆಕ್ಕ

ಇದಕ್ಕೆ ಉತ್ತರವನ್ನು ಲೆಕ್ಕದಿಂದಲೇ ಪಡೆಯೋಣ. ಸಂಶ್ಲೇಷಿತ ಎಣ್ಣೆಯ ಬೆಲೆ ಲೀಟರಿಗೆ ೩೦೦ ರೂಪಾಯಿ ಹೆಚ್ಚೆಂದು ಇಟ್ಟುಕೊಳ್ಳೋಣ. ೦.೬ ಲೀಟರಿಗೆ ಹೆಚ್ಚಿನ ಖರ್ಚು ೧೮೦ ರೂಪಾಯಿ. ಹೋಂಡಾ ಎಂಜಿನ್ನಿನ ಕೈಪಿಡಿಯಂತೆ ಹೊಸ ಎಂಜಿನ್ನಿನ ಮೊದಲ ಎಣ್ಣೆಯನ್ನು ೨೦ ಗಂಟೆಗಳಲ್ಲಿಯೇ ಬದಲಿಸಬೇಕು; ಆಮೇಲೆ ಪ್ರತಿ ೧೦೦ ಗಂಟೆಗಳಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ.

ದಿನವೂ ಹಲವು ಗಂಟೆ ಭಾರವಾದ ಕೆಲಸ ಮಾಡುವ ಎಂಜಿನ್ನಿನಲ್ಲಿ ೧೦೦ ಗಂಟೆಗಳು ಬೇಗನೆ ತುಂಬುತ್ತವೆ. ಅಲ್ಲಿ ಹೆಚ್ಚಿನ ಖರ್ಚು ಗಂಟೆಗೆ ಒಂದು ರೂಪಾಯಿ ೮೦ ಪೈಸೆ. ಗಂಟೆಗೆ ಒಂದು ಲೀಟರು ಪೆಟ್ರೋಲು, ಅದಕ್ಕೆ ಸುಮಾರು ನೂರು ರೂಪಾಯಿ ಎಂದು ಹಿಡಿದರೆ ಇದು ಇಂಧನದ ಖರ್ಚಿನ ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಬೇಸಗೆಯ ಶಾಖದಲ್ಲಿ ಪೂರ್ಣ ಹೊರೆ ಹೊತ್ತು ದುಡಿಯುವ ಯಂತ್ರಕ್ಕೆ ಈ ಕಾಣಿಕೆ ಹೆಚ್ಚೇನೂ ಅಲ್ಲ.

ಇನ್ನು ವರ್ಷಕ್ಕೆ ೨೦ ಗಂಟೆ ಮಾತ್ರ ಓಡುವ ಮನೆಯ ಜನರೇಟರನ್ನು ನೋಡೋಣ. ಗಂಟೆಗಳು ತುಂಬದಿದ್ದರೂ ತಿಂಗಳುಗಳ ಲೆಕ್ಕದಲ್ಲಿ ಅದಕ್ಕೆ ವರ್ಷಕ್ಕೆರಡು ಸಲ ಎಣ್ಣೆ ಬದಲಿಸಬೇಕು. ಹೆಚ್ಚಿನ ಖರ್ಚು ೩೬೦ ರೂಪಾಯಿ. ಅಂದರೆ ಗಂಟೆಗೆ ೧೮ ರೂಪಾಯಿ, ಮೊದಲಿನ ಹತ್ತು ಪಟ್ಟು. ಅಲ್ಲದೆ ಹತ್ತು ನಿಮಿಷ ಓಡಿ ನಿಲ್ಲುವ ಎಂಜಿನ್ನಿನಲ್ಲಿ ಎಣ್ಣೆಯನ್ನು ಕೆಡಿಸುವುದು ಶಾಖವಲ್ಲ, ನೀರು ಮತ್ತು ಪೆಟ್ರೋಲು. ಸಂಶ್ಲೇಷಿತ ಎಣ್ಣೆಯ ಮುಖ್ಯ ಗುಣಕ್ಕೆ ಅಲ್ಲಿ ಕೆಲಸವೇ ಇಲ್ಲ. ಸರಿಯಾದ ದರ್ಜೆಯ ಖನಿಜ ಎಣ್ಣೆ ಅದಕ್ಕೆ ಧಾರಾಳವಾಗಿ ಸಾಕು.

ಮರೆಯಬಾರದ ಕೆಲವು ಸಂಗತಿಗಳು

ಮೊದಲನೆಯದಾಗಿ, ಎಂಜಿನ್ನನ್ನು ಮಾಡಿದವರು ಹೇಳಿದ ದರ್ಜೆಯೇ ಪ್ರಮಾಣ. ಒಬ್ಬರು ೧೦ಡಬ್ಲ್ಯು-೩೦ ಎಂದರೆ ಇನ್ನೊಬ್ಬರು ಬಿಸಿ ಹವೆಗೆ ಎಸ್.ಎ.ಇ. ೩೦ ಎನ್ನುತ್ತಾರೆ. ತಪ್ಪು ದರ್ಜೆಯ ಸಂಶ್ಲೇಷಿತ ಎಣ್ಣೆಗಿಂತ ಸರಿಯಾದ ದರ್ಜೆಯ ಖನಿಜ ಎಣ್ಣೆ ಮೇಲು.

ಎರಡನೆಯದಾಗಿ, ಎರಡು ಸ್ಟ್ರೋಕಿನ ಎಂಜಿನ್ನುಗಳ ದಾರಿಯೇ ಬೇರೆ. ಕಳೆ ಕೊಚ್ಚುವ ಯಂತ್ರಗಳಲ್ಲಿಯೂ ಸಿಂಪಡಿಸುವ ಯಂತ್ರಗಳಲ್ಲಿಯೂ ಇಂಥವು ಅನೇಕವಿವೆ. ಅಲ್ಲಿ ಎಣ್ಣೆಯನ್ನು ಪೆಟ್ರೋಲಿನೊಡನೆ ಬೆರೆಸುತ್ತಾರೆ. ಐವತ್ತಕ್ಕೆ ಒಂದರ ಪ್ರಮಾಣವೆಂದರೆ ಲೀಟರಿಗೆ ೨೦ ಮಿಲಿಲೀಟರು. ಆ ಎಣ್ಣೆ ತನ್ನ ಕೆಲಸ ಮುಗಿಸಿ ಉರಿದುಹೋಗಬೇಕು. ಅದಕ್ಕೆಂದೇ ತಯಾರಾದ ಎಣ್ಣೆಯನ್ನಲ್ಲದೆ ನಾಲ್ಕು ಸ್ಟ್ರೋಕಿನ ಎಣ್ಣೆಯನ್ನು ಅಲ್ಲಿ ಬಳಸಬಾರದು. ಒಳ್ಳೆಯ ಸಂಶ್ಲೇಷಿತ ಎಣ್ಣೆಯಿಂದ ಇಲ್ಲಿ ಹೊಗೆಯೂ ಕರಿಯೂ ಕಡಿಮೆಯಾಗುವುದರಿಂದ, ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ದಿನವಿಡೀ ಆ ಹೊಗೆಯಲ್ಲಿ ನಡೆಯುವವನ ಆರೋಗ್ಯದ ದೃಷ್ಟಿಯಿಂದಲೂ ಅದು ಯೋಗ್ಯ.

ಮೂರನೆಯದಾಗಿ, ಒಮ್ಮೆ ಸಂಶ್ಲೇಷಿತ ಎಣ್ಣೆ ಹಾಕಿದರೆ ಮತ್ತೆ ಖನಿಜ ಎಣ್ಣೆಗೆ ಮರಳಬಾರದೆಂಬ ಮಾತಿಗೆ ಆಧಾರವಿಲ್ಲ. ಇಂದು ನಾಲ್ಕು ಸ್ಟ್ರೋಕಿನ ಎಂಜಿನ್ನುಗಳಿಗಾಗಿ ಮಾರಾಟವಾಗುವ ಎರಡು ಬಗೆಗಳೂ ಒಂದರೊಡನೊಂದು ಬೆರೆಯುತ್ತವೆ. ಎಣ್ಣೆ ಕಡಿಮೆಯಾದ ತುರ್ತಿನಲ್ಲಿ ಅದೇ ದರ್ಜೆಯ ಯಾವ ಬಗೆಯನ್ನು ತುಂಬಿದರೂ ಬಾಧಕವಿಲ್ಲ. ತುಂಬದೆ ಓಡಿಸುವುದೇ ನಿಜವಾದ ಅಪಾಯ.

ನಾಲ್ಕನೆಯದಾಗಿ, ಬಸಿದ ಎಣ್ಣೆ ಯಾವ ಬಗೆಯದಾದರೂ ವಿಷವೇ. ಗೆದ್ದಲು ಹತ್ತದಿರಲೆಂದು ಅದನ್ನು ಬೇಲಿಯ ಗೂಟಗಳಿಗೆ ಬಳಿಯುವ, ಹಿತ್ತಲಲ್ಲಿ ಚೆಲ್ಲುವ ವಾಡಿಕೆ ಒಳ್ಳೆಯದಲ್ಲ. ಅದು ನೆಲಕ್ಕಿಳಿದು ಬಾವಿಯ ನೀರನ್ನು ಸೇರಬಹುದು. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.

ಕೊನೆಯಲ್ಲಿ, ವಿದ್ಯಾರ್ಥಿಗಳು ಈ ವಿಷಯವನ್ನು ನಂಬಿಕೆಯ ಮೇಲೆ ಬಿಡಬೇಕಾಗಿಲ್ಲ. ಒಂದೇ ದರ್ಜೆಯ ಎರಡು ಬಗೆಯ ಎಣ್ಣೆಗಳನ್ನೂ ಜನರೇಟರಿನಿಂದ ಬಸಿದ ಹಳೆಯ ಎಣ್ಣೆಯನ್ನೂ ತಂದು, ಪ್ರತಿಯೊಂದನ್ನೂ ತಳದಲ್ಲಿ ಸಣ್ಣ ತೂತಿರುವ ಒಂದೇ ಡಬ್ಬಿಗೆ ಒಂದೇ ಮಟ್ಟಕ್ಕೆ ತುಂಬಿ, ೫೦ ಮಿಲಿಲೀಟರು ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಅಳೆಯಿರಿ. ಬಳಿಕ ಎಣ್ಣೆಯ ಪಾತ್ರೆಯನ್ನು ೬೦ ಡಿಗ್ರಿಯ ಬಿಸಿನೀರಿನಲ್ಲಿ ಇಟ್ಟು ಕಾಯಿಸಿ, ಮತ್ತೊಮ್ಮೆ ಅಳೆಯಿರಿ. ತಣ್ಣನೆಯ ಎಣ್ಣೆಯ ಕಾಲವನ್ನು ಬಿಸಿ ಎಣ್ಣೆಯ ಕಾಲದಿಂದ ಭಾಗಿಸಿದರೆ ಯಾವುದು ಶಾಖಕ್ಕೆ ಹೆಚ್ಚು ಮಣಿಯುತ್ತದೆಂಬುದು ಗೊತ್ತಾಗುತ್ತದೆ. ಹಳೆಯ ಎಣ್ಣೆ ಪೆಟ್ರೋಲು ಸೇರಿ ತೆಳುವಾಗಿದೆಯೋ, ಕರಿಗಟ್ಟಿ ಮಂದವಾಗಿದೆಯೋ ಎಂಬುದೂ ತಿಳಿಯುತ್ತದೆ. ಆ ಫಲಿತಾಂಶವನ್ನು ಜನರೇಟರಿನ ಒಡೆಯರಿಗೆ ತೋರಿಸಿ, ಅಳತೆಕಡ್ಡಿಯನ್ನು ಕಡೆಯ ಸಲ ಎಂದು ನೋಡಿದಿರೆಂದು ಕೇಳಿ. ಯಾವ ಎಣ್ಣೆ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ಅದನ್ನೇ.